ಮಳೆಯಿಲ್ಲದ ದಿನದ ಕೊಡೆ

ಮಳೆಯ ಸುಳಿವೇ ಇಲ್ಲದ ಜನವರಿಯ ಬೆಳಿಗ್ಗೆ ಕಂಕುಳ ತುಂಬ ಕೊಡೆ ಇಟ್ಟುಕೊಂಡು ದೋಣಿ ಹತ್ತುವವರನ್ನು ನಾನು ಕಂಡದ್ದು ಒಬ್ಬರನ್ನೇ. ಕಾಪು ಪೇಟೆಯಲ್ಲಿ ಅವರಿಗೆ ಕೊಡೆ ಸಾಯ್ಬರು ಎಂದೇ ಹೆಸರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಅದು ರೇಷನ್ ಕಾರ್ಡಿನ ಉಪಯೋಗಕ್ಕೆ ಮಾತ್ರ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರನ್ನು ಬಲ್ಲವರಿಗೇ ಯಾರೆಂದು ಗೊತ್ತಾಗಲಿಕ್ಕಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಾರ್ಕಳದ ತವರಿನಲ್ಲಿದ್ದೆ. ಎರಡು ಬಸ್ಸು ಬದಲಿಸಿ ಕಾಪುವಿಗೆ ತಲುಪುವಾಗ ಎಲ್ಲ ಮುಗಿದಿತ್ತು. ಅಂಗಡಿಯ ಹಲಗೆ ಬಾಗಿಲು ಮುಚ್ಚಿತ್ತು. ಚಿಲಕಕ್ಕೆ ಯಾರೋ ಒಂದು ಕೊಡೆ ತೂಗುಹಾಕಿ ಹೋಗಿದ್ದರು. ರಿಪೇರಿಗೆ ತಂದವರೋ, ಮರ್ಯಾದೆಗೆ ತಂದವರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ದುಃಖವಾಯಿತು, ನಿಜ. ಆದರೆ ಆ ದುಃಖದ ಜೊತೆಗೇ, ಇಂಥವರ ಸಂಗಡ ನಾನೂ ನಡೆದಿದ್ದೇನಲ್ಲ ಎಂಬ ಹೆಮ್ಮೆಯೂ ಬಂತು. ಆ ಹೆಮ್ಮೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಸ್ ಸ್ಟ್ಯಾಂಡಿನ ಎದುರು ಅವರ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಗೋಡೆಯ ಸಂದು ಎಂದರೆ ಸರಿ. ಒಳಗೆ ಕೂತರೆ ಕಾಲು ರಸ್ತೆಯಲ್ಲಿರುತ್ತಿತ್ತು. ಆದರೆ ಮನುಷ್ಯರ ಠೀವಿ ನೋಡಬೇಕು! ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಟೊಪ್ಪಿ, ಅತ್ತರಿನ ಪರಿಮಳ. ಕೊಡೆಯ ಕಡ್ಡಿ ಬಾಗಿಸುವ ಕೈಗೆ ಎಣ್ಣೆ, ತುಕ್ಕು ಎಷ್ಟೇ ಮೆತ್ತಿದರೂ ಅಂಗಿಗೆ ಒಂದು ಚುಕ್ಕೆ ತಾಗುತ್ತಿರಲಿಲ್ಲ. ಮನೆಯಲ್ಲಿ ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆ, ಗಿರಾಕಿಗಳ ಹತ್ತಿರ ತುಳು, ಎದುರಿನ ಜೀನಸು ಅಂಗಡಿಯ ಕಾಮತರ ಹತ್ತಿರ ಕೊಂಕಣಿ. ನಮ್ಮಂಥ ಮೇಷ್ಟ್ರು, ಟೀಚರುಗಳು ಬಂದರೆ ಮಾತ್ರ ಪೇಪರು ಓದಿದ ಹಾಗೆ ಕನ್ನಡ.

ಜಂಬ ಧಾರಾಳವಾಗಿತ್ತು. "ಮಣಿಪಾಲದ ದೊಡ್ಡ ಡಾಕ್ಟರು ಮಳೆಗಾಲದಲ್ಲಿ ಒದ್ದೆ ಆಗದೇ ಇರುವುದು ಯಾರಿಂದ ಅಂತ ಕೇಳಿ" ಎಂದು ಅವರೇ ಹೇಳಿ, ಯಾರೂ ಕೇಳದಿದ್ದರೂ ಎದೆ ಮುಟ್ಟಿ ತೋರಿಸುತ್ತಿದ್ದರು. ತಪ್ಪು ಒಪ್ಪಿಕೊಳ್ಳುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಒಮ್ಮೆ ಉಡುಪಿಗೆ ಹೋದಾಗ ನನ್ನ ಕೊಡೆ, ಹಿಂದಿನ ದಿನವಷ್ಟೇ ಅವರು ರಿಪೇರಿ ಮಾಡಿಕೊಟ್ಟದ್ದು, ಬಸ್ಸಿಳಿದ ಕೂಡಲೇ ಮಗುಚಿತು. ಒದ್ದೆಮುದ್ದೆಯಾಗಿ ಬಂದು ಜಗಳಕ್ಕೆ ನಿಂತೆ. ಅವರು ಕೊಡೆಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಕೊಡೆಯದ್ದು ಎಂತ ತಪ್ಪಿಲ್ಲ ಟೀಚರೇ. ಗಾಳಿಯದ್ದು ತಪ್ಪು. ಗಾಳಿಯನ್ನು ಇಲ್ಲಿ ಕರ್ಕೊಂಡು ಬನ್ನಿ, ನಾನು ಮಾತಾಡ್ತೇನೆ."

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಕಾರ್ಕಳದಿಂದ ಬಂದು ಕಾಪುವಿನ ಹತ್ತಿರದ ಒಂದು ಶಾಲೆಗೆ ಸೇರಿದ್ದೆ. ಶಾಲೆಯ ಹಿಂದೆಯೇ ಹೊಳೆ, ಹೊಳೆಯ ನಡುವೆ ಕುದ್ರು. ನದಿ ಸಮುದ್ರ ಸೇರುವ ಮೊದಲು ಎರಡಾಗಿ ಸೀಳಿ ನಡುವೆ ಉಳಿಸುವ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ದಡದಿಂದ ನೋಡಿದರೆ ತೆಂಗಿನ ಮರಗಳ ಹಸಿರು ಸಾಲು, ಬಹಳ ಚಂದ. ಒಳಗೆ ಕಾಲಿಟ್ಟರೆ ಮುಳ್ಳೆಲೆಯ ಮುಂಡಕದ ಪೊದೆ, ಕಾಲು ನುಂಗುವ ಕೆಸರು, ಪಡು ತುದಿಯಲ್ಲಿ ಹರಿತವಾದ ಕರಿ ಬಂಡೆ. ದಾರಿ ಎಂಬುದಿಲ್ಲ. ಗದ್ದೆಯ ಬದುವಾದ ಹುಣಿ, ನೀರಿನ ತೋಡಿಗೆ ಅಡ್ಡ ಹಾಕಿದ ತೆಂಗಿನ ಮರದ ಸಂಕ, ಮತ್ತೆ ಹುಣಿ. ಮೂರು ಪುಟ್ಟ ಊರುಗಳು ಹೀಗೆ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು.

ಪ್ರತಿ ಜನವರಿಯಲ್ಲಿ ನಮ್ಮ ಶಾಲೆಯಲ್ಲಿ ಕಣ್ಣಿನ ಶಿಬಿರ. ಮಣಿಪಾಲದಿಂದ ಡಾಕ್ಟರರು ಬರುತ್ತಿದ್ದರು. ಬೆಂಚುಗಳನ್ನು ಜೋಡಿಸಿದರೆ ಮಂಚ, ಏಳನೇ ಕ್ಲಾಸಿನ ಕೋಣೆ ಆಪರೇಶನ್ ಕೋಣೆ. ಕುದ್ರುವಿನಿಂದ ಪೊರೆ ಬಂದ ಮುದುಕರನ್ನು ಕರೆತರುವ ಕೆಲಸ ಕೊಡೆ ಸಾಯ್ಬರದು. ಯಾರೂ ವಹಿಸಿದ್ದಲ್ಲ, ಅವರೇ ತೆಗೆದುಕೊಂಡದ್ದು. ಮಳೆಗಾಲಕ್ಕೆ ಮೊದಲು ಮನೆಮನೆಗೆ ಹೋಗಿ ಕೊಡೆ ರಿಪೇರಿ ಮಾಡುವಾಗ, ಯಾರು ಕೊಡೆಯನ್ನು ಕಣ್ಣಿನಿಂದ ನೋಡುತ್ತಾರೆ, ಯಾರು ಬೆರಳಿನಿಂದ ನೋಡುತ್ತಾರೆ ಎಂದು ಅವರಿಗೆ ಕಾಣುತ್ತಿತ್ತು. "ಬಟ್ಟೆ ಹರಿದರೆ ನಾನು, ಕಣ್ಣು ಹರಿದರೆ ಡಾಕ್ಟರು" ಎನ್ನುವರು.

ಆ ವರ್ಷ ಶಿಬಿರಕ್ಕೆ ನೀರು ಕಾಯಿಸುವ ಉಸ್ತುವಾರಿ ನನ್ನದೆಂದು ಗೊತ್ತುಮಾಡಿದ್ದರು. ಸಾಯ್ಬರು ಬಂದವರೇ ಹೆಡ್ಮಾಸ್ಟರರ ಎದುರು, "ಈ ಟೀಚರ್ ನನಗೆ ಬೇಕು" ಎಂದರು.

"ಎಂತಕ್ಕೆ?" ಎಂದೆ.

"ಅಡಿಗೆಮನೆಗೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಿ.ಎ. ಓದಿ, ಟ್ರೈನಿಂಗ್ ಮುಗಿಸಿ ಬಂದದ್ದು ಇವರ ಗಂಜಿ ಬೇಯಿಸಲಿಕ್ಕಾ ಎಂದು ಕೇಳಿಯೇಬಿಟ್ಟೆ. ಅವರು ನಗಲಿಲ್ಲ. ಹೊರಗೆ ಕರೆದು, ಬಾವಿಕಟ್ಟೆಯ ಹತ್ತಿರ ನಿಂತು, ಸೇಸಕ್ಕನ ಕತೆ ಹೇಳಿದರು.

ಮೊದಲನೇ ವರ್ಷದ ಶಿಬಿರಕ್ಕೆ ಅವರು ಒಪ್ಪಿಸಿ ತಂದವರಲ್ಲಿ ಸೇಸಕ್ಕ ಒಬ್ಬರು. ಕುದ್ರುವಿನ ಪಡು ತುದಿಯ ಕೊನೆಯ ಮನೆ. ಬಲಗಣ್ಣಿಗೆ ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ತಲೆಗೆ ಸ್ನಾನ ಮಾಡಬಾರದು, ಹೊರೆ ಹೊರಬಾರದು ಎಂದು ಡಾಕ್ಟರರು ಹೇಳಿದ್ದನ್ನು ಸಾಯ್ಬರು ತುಳುವಿನಲ್ಲಿ ಎಲ್ಲರಿಗೂ ತಿಳಿಸಿ ಹೇಳಿದರು. ಸೇಸಕ್ಕ ಮನೆಗೆ ಹೋದ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಹಸಿ ತೆಂಗಿನ ಗರಿಗೆ ಊದುಕೊಳವೆ ಹಿಡಿದು ಊದಿದರು. ಹೊಗೆ, ಬೂದಿ, ಉಸಿರಿನ ಒತ್ತಡ. ವಾರದೊಳಗೆ ಕಣ್ಣು ಕೀವಾಗಿ ಹೋಯಿತು.

"ಅವರು ಹೇಳಿದ್ದನ್ನೆಲ್ಲ ಪಾಲಿಸಿದ್ದಾರೆ, ಗೊತ್ತುಂಟಾ? ಸ್ನಾನ ಇಲ್ಲ, ಹೊರೆ ಇಲ್ಲ. ಒಲೆ ಊದುವುದು ಕೆಲಸ ಅಂತ ಅವರ ಲೆಕ್ಕದಲ್ಲಿಯೇ ಇಲ್ಲ. ನನ್ನ ಲೆಕ್ಕದಲ್ಲಿಯೂ ಇರಲಿಲ್ಲ. ಗಂಡಸಿಗೆ ಒಲೆ ಎಲ್ಲಿ ನೆನಪಾಗ್ತದೆ ಟೀಚರೇ?" ಎಂದರು. ಮತ್ತೆ, "ಈಗ ಎಡಗಣ್ಣಿಗೂ ಪೊರೆ ತುಂಬಿದೆ. ನಾಲ್ಕು ವರ್ಷದಿಂದ ಕರೀತಾ ಇದ್ದೇನೆ. ಬರುದಿಲ್ಲ ಅಂತಾರೆ. ಊರಿನವರೆಲ್ಲ ಕಣ್ಣು ಬಿಟ್ಟು ಅವರೊಬ್ಬರು ಕತ್ತಲೆಯಲ್ಲಿ ಕೂತರೆ ನಾನು ಮಾಡಿದ್ದು ಎಂತ?" ಎಂದು ಕೇಳಿದರು.

ಮಾರನೆಯ ಬೆಳಿಗ್ಗೆ ನಾನು ದೋಣಿಯಲ್ಲಿದ್ದೆ. ಕಾರ್ಕಳದವಳು ನಾನು, ಬಂಡೆಯ ಮೇಲೆ ಆಡಿ ಬೆಳೆದವಳು. ನೀರೆಂದರೆ ಪ್ರಾಣಭಯ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಸಾಯ್ಬರು ಎದುರಿಗೆ, ತೊಡೆಯ ಮೇಲೆ ಕೊಡೆಗಳ ಕಟ್ಟು. ದಡದಲ್ಲಿ ಬಲೆ ಬಿಡಿಸುತ್ತಿದ್ದವನೊಬ್ಬ, "ಎಂತ ಸಾಯ್ಬರೇ, ಆಕಾಶ ಸೋರ್ತದಾ?" ಎಂದು ಕೂಗಿದ. "ನಿನ್ನ ತಲೆ ಸೋರ್ತದೆ, ರಿಪೇರಿಗೆ ತಾ!" ಎಂದು ಇವರು ಕೂಗಿದರು. ಈ ಮಾತು ಪ್ರತಿವರ್ಷವೂ ನಡೆಯುತ್ತದಂತೆ.

ಕೊಡೆ ಎಂತಕ್ಕೆಂದು ದೋಣಿ ಇಳಿದ ಮೇಲೆ ತಿಳಿಯಿತು. ಅಲ್ಲಿ ಹೋದ ವರ್ಷದವರು ಕಾಯುತ್ತಿದ್ದರು, ಎಲ್ಲರ ಮೂಗಿನ ಮೇಲೂ ದಪ್ಪ ಗಾಜಿನ ಕನ್ನಡಕ. ಹೋದ ವರ್ಷ ಕಣ್ಣು ಬಂದವರು ಈ ವರ್ಷ ಕಣ್ಣಿಲ್ಲದವರನ್ನು ನಡೆಸಿಕೊಂಡು ಬರಬೇಕು. ಇದು ಸಾಯ್ಬರ ಕಾನೂನು. ಡಾಕ್ಟರ ಮಾತಿಗಿಂತ, ಕಣ್ಣು ಬಂದವರ ಮಾತಿಗೆ ಮುದುಕರು ಬೇಗ ಹೊರಡುತ್ತಿದ್ದರು. ಆದರೆ ಮೊದಲ ಸಲ ಒಂದು ಕಷ್ಟ ಬಂದಿತ್ತಂತೆ. ಯಾರ ಕೈ ಯಾರು ಹಿಡಿಯುವುದು? ಇವರ ಜಾತಿ ಅವರಿಗಾಗದು, ಹೆಂಗಸಿನ ಕೈ ಪರಗಂಡಸು ಹಿಡಿಯುವ ಹಾಗಿಲ್ಲ, ಇನ್ನು ಬ್ಯಾರಿಯ ಕೈ ಎಂದರೆ ಕೇಳುವುದೇ ಬೇಡ. ಹುಣಿಯ ಮೇಲೆ ಎಲ್ಲರೂ ಮುಖ ತಿರುಗಿಸಿ ನಿಂತರು. ಆಗ ಸಾಯ್ಬರು ಬಗಲಲ್ಲಿದ್ದ ಕೊಡೆಯನ್ನು ಮುಂದಕ್ಕೆ ಚಾಚಿದರಂತೆ. ಕಾಣದವರು ಬಾಗಿದ ಹಿಡಿ ಹಿಡಿಯುವುದು, ಕಾಣುವವರು ತುದಿ ಹಿಡಿಯುವುದು. "ಕೊಡೆಗೆ ಜಾತಿ ಇಲ್ಲ, ಇದ್ದರೆ ಅದು ರಿಪೇರಿಯ ಜಾತಿ" ಎಂದು ಹೇಳಿ ನಗಿಸಿದರಂತೆ. ಅಂದಿನಿಂದ ಜನವರಿಯ ಕೊಡೆ ಶುರುವಾಯಿತು.

ಅಷ್ಟು ನಿಧಾನದ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ಪ್ರತಿ ಮನೆಯಲ್ಲಿಯೂ ಜಗಲಿಗೆ ಚಾಪೆ ಬರಬೇಕು, ಬೆಲ್ಲ ನೀರು ಬರಬೇಕು, ಕುಡಿದ ಮೇಲೆಯೇ ಮಾತು. ನಡುವಿನ ಊರಿಗೆ ಬರುವಾಗ ಹೊಟ್ಟೆಯೊಳಗೆ ಬೆಲ್ಲದ ನೀರು ಕುಲುಕುತ್ತಿತ್ತು. "ಹೀಗೆ ಹೋದರೆ ಸಂಜೆಯಾಗ್ತದೆ ಸಾಯ್ಬರೇ" ಎಂದೆ.

"ಆಗಲಿ. ಕಣ್ಣು ಕಾಣದವರು ಮನೆ ಬಿಟ್ಟು ಹೊರಡುವುದು ಅಂದ್ರೆ ಸಿಟಿ ಬಸ್ಸು ಹಿಡಿದ ಹಾಗಾ? ಅವರ ಮನಸ್ಸು ಮೊದಲು ಚಪ್ಪಲಿ ಹಾಕ್ಲಿ."

ಅವರು ಜಗಲಿಯಲ್ಲಿ ಮುದುಕರನ್ನು ಒಪ್ಪಿಸುವಷ್ಟು ಹೊತ್ತು ನಾನು ಅಡಿಗೆಮನೆಯಲ್ಲಿ. ಹದಿನೈದು ದಿನ ಒಲೆ ಊದಬಾರದು, ಬಗ್ಗಬಾರದು ಎಂದು ಸೊಸೆಯಂದಿರಿಗೆ ಹೇಳುವುದೇ ನನ್ನ ಕೆಲಸ. ಒಬ್ಬ ಸೊಸೆ ಸೆರಗಿನಿಂದ ಬಾಯಿ ಮುಚ್ಚಿ ಪಿಸುಗುಟ್ಟಿದಳು: "ಒಲೆ ಹತ್ತಿರ ಬರಬೇಡಿ ಅಂತ ಅತ್ತೆಗೆ ನಾನು ಹೇಳಿದ್ರೆ, ಸೊಸೆ ಅಡಿಗೆಮನೆ ಕಿತ್ತುಕೊಂಡಳು ಅಂತ ಊರೆಲ್ಲ ಆಗ್ತದೆ ಟೀಚರೇ. ನೀವೇ ಹೇಳಿ." ಹೌದಲ್ಲ ಎನ್ನಿಸಿತು. ಅಲ್ಲಿಂದ ಮುಂದೆ ಅತ್ತೆಯನ್ನು ಒಳಗೆ ಕರೆದು ಸೊಸೆಯ ಎದುರೇ ಹೇಳಿದೆ. ಟೀಚರರ ಅಪ್ಪಣೆ ಎಂದಾದ ಮೇಲೆ ಯಾರಿಗೂ ಅವಮಾನವಿಲ್ಲ. ನನ್ನ ಸರ್ಟಿಫಿಕೇಟು ನಿಜವಾಗಿ ಕೆಲಸಕ್ಕೆ ಬಂದದ್ದು ಆ ದಿನ.

ಒಂದು ಸಂಕದ ಹತ್ತಿರ ನಾನು ನಿಂತುಬಿಟ್ಟೆ. ಕೆಳಗೆ ತೋಡಿನ ನೀರು, ಮೇಲೆ ಎರಡು ತೆಂಗಿನ ಮರ, ಹಿಡಿಯಲಿಕ್ಕೆ ಏನೂ ಇಲ್ಲ. ಕಣ್ಣಿಲ್ಲದ ಒಬ್ಬ ಅಜ್ಜ ಕೊಡೆ ಹಿಡಿದು ಸಲೀಸಾಗಿ ದಾಟಿ ಹೋದರು. ಸಾಯ್ಬರು ತಿರುಗಿ ಬಂದು ನನ್ನ ಕಡೆಗೂ ಒಂದು ಕೊಡೆಯ ಹಿಡಿ ಚಾಚಿದರು. "ಕಾರ್ಕಳದವರಿಗೆ ಸ್ಪೆಷಲ್" ಎಂದರು. ನಾಚಿಕೆ ಬಿಟ್ಟು ಹಿಡಿದೆ. ಆಚೆ ದಡದಲ್ಲಿ ಆ ಅಜ್ಜ, "ಇಲ್ಲಿ ಬಲಕ್ಕೆ ಕಾಂಡ್ಲದ ಗಿಡ ದಟ್ಟ ಉಂಟಲ್ಲ?" ಎಂದು ಕೇಳಿದರು. ಕಡಿದಿದ್ದಾರೆ, ಈಗ ಬರೀ ಕೆಸರು ಎಂದೆ. ಅವರು ಆ ಕಡೆಗೆ ಮುಖ ತಿರುಗಿಸಿ, "ಹಾಗಾದ್ರೆ ನೋಡ್ಲೇಬೇಕು" ಎಂದು ಮುಂದೆ ನಡೆದರು.

ಪಡು ತುದಿಗೆ ಬರುವಾಗ ಬಿಸಿಲು ಇಳಿಯುತ್ತಿತ್ತು. ಕರಿ ಬಂಡೆಗಳ ನಡುವೆ ಸೇಸಕ್ಕನ ಮನೆ. ಅವರು ಜಗಲಿಯಲ್ಲಿ ಕೂತು ಹುರಿ ಹೊಸೆಯುತ್ತಿದ್ದರು. ಬಲಗಣ್ಣು ಒಳಗೆ ಹೋಗಿತ್ತು, ಎಡಗಣ್ಣಿನಲ್ಲಿ ಹಾಲಿನ ಬಣ್ಣ. ನಮ್ಮ ಹೆಜ್ಜೆಯ ಸಪ್ಪಳ ಕೇಳಿದರೂ ಕೈ ನಿಲ್ಲಲಿಲ್ಲ. ಆ ದಿನ ಆ ಒಂದು ಮನೆಯಲ್ಲಿ ಬೆಲ್ಲ ನೀರು ಬರಲಿಲ್ಲ. ಅದರ ಅರ್ಥ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾತೆಲ್ಲ ತುಳುವಿನಲ್ಲಿ ನಡೆಯಿತು. ನೆನಪಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

"ಈ ವರ್ಷವೂ ಬಂದ್ರಾ?" ಎಂದರು ಸೇಸಕ್ಕ.

"ಬಂದೆ. ಈ ಸಲ ಟೀಚರನ್ನು ಕರ್ಕೊಂಡು ಬಂದಿದ್ದೇನೆ."

"ಅವರು ಒಲೆ ಊದ್ತಾರಾ?" ಕೇಳಿದ್ದು ನನ್ನನ್ನಲ್ಲ, ಅವರನ್ನು. "ಮಗಳು ಬೆಳಕು ಹರಿಯುವ ಮೊದಲೇ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಹೋಗ್ತಾಳೆ. ಒಲೆ ನಾನೇ ಹಚ್ಚಬೇಕು. ಹಚ್ಚಿದ್ರೆ ಇದೂ ಹೋಗ್ತದೆ. ಈಗ ಸ್ವಲ್ಪ ಬೆಳಕಾದರೂ ಗೊತ್ತಾಗ್ತದೆ ನನಗೆ."

ನಡುವಿನ ಊರಿನಿಂದ ಬಂದಿದ್ದ ಒಬ್ಬಾಕೆ, ಹೋದ ವರ್ಷ ಕಣ್ಣು ಬಂದವರು, ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ಒಲೆಗೆ ನಾವು ಬರ್ತೇವೆ ಸೇಸಕ್ಕ. ದಿನಕ್ಕೊಬ್ಬರು. ಕಣ್ಣು ಬಂದದ್ದು ಸುಮ್ಮನೆ ಕೂರ್ಲಿಕ್ಕಾ?" ಎಂದರು. ಉಳಿದವರು ಹೂಂಗುಟ್ಟಿದರು.

ಸೇಸಕ್ಕನ ಕೈ ನಿಂತಿತು. ಒಪ್ಪಿದರು ಎಂದುಕೊಂಡೆ. ಇಲ್ಲ. "ಒಲೆಯ ಮಾತು ಅದಾಯ್ತು. ನನ್ನ ಮಾತು ಬೇರೆ ಉಂಟು" ಎಂದು ಸಾಯ್ಬರ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. "ಸೇಸಕ್ಕ ಹೇಳಿದ್ದು ಕೇಳಲಿಲ್ಲ, ಕಣ್ಣು ಕಳ್ಕೊಂಡಳು ಅಂತ ಈ ಕುದ್ರು ಇಡೀ ಹೇಳ್ತದೆ. ನಾನು ಕೇಳದಿದ್ದದ್ದು ಯಾವುದು? ನೀವು ಹೇಳಿದ್ದು ಯಾವುದು? ಇವತ್ತು ಎಲ್ಲರೂ ಇದ್ದಾರೆ, ಹೇಳಿ."

ಗಾಳಿಯ ಮೇಲೆ ತಪ್ಪು ಹೊರಿಸುವ ಮನುಷ್ಯರು ಇವರು. ನನ್ನ ಹತ್ತಿರ ಬಾವಿಕಟ್ಟೆಯಲ್ಲಿ ಹೇಳಿದ್ದು ಬೇರೆ, ಮೂರೂ ಊರಿನವರ ಎದುರು ಹೇಳುವುದು ಬೇರೆ. ಹೊಗೆಯದ್ದು ತಪ್ಪು, ಹಸಿ ಗರಿಯದ್ದು ತಪ್ಪು ಎಂದು ಏನಾದರೂ ತಮಾಷೆ ಮಾಡಿದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಸಾಯ್ಬರು ಟೊಪ್ಪಿ ತೆಗೆದು, ಮಡಚಿ, ಕಿಸೆಯಲ್ಲಿಟ್ಟರು. ಆಮೇಲೆ, ದೂರದಲ್ಲಿ ನಿಂತವರಿಗೂ ಕೇಳುವ ಹಾಗೆ, "ನೀವು ಎಲ್ಲ ಕೇಳಿದ್ದೀರಿ ಸೇಸಕ್ಕ. ಒಲೆಯ ಮಾತು ನಾನು ಹೇಳಲೇ ಇಲ್ಲ. ನಿಮ್ಮ ತಪ್ಪು ಒಂದೂ ಇಲ್ಲ. ತಪ್ಪು ನನ್ನದು" ಎಂದರು.

ಸೇಸಕ್ಕ ಹುರಿಯನ್ನು ಸುತ್ತಿ ಬದಿಗಿಟ್ಟರು. ಒಳಗೆ ತಡವಿಕೊಂಡು ಹೋಗಿ, ತಿರುಗಿ ಬರುವಾಗ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲದ ಉಂಡೆ. "ಕುಡೀರಿ. ಸೀರೆ ಬದಲಿಸಿ ಬರ್ತೇನೆ" ಎಂದರು.

ಅವರ ಕೊಡೆಯ ತುದಿಯನ್ನು ಸಾಯ್ಬರೇ ಹಿಡಿದರು. ಬಂಡೆಯ ಮೇಲೆ, ಹುಣಿಯ ಮೇಲೆ, ಸಂಕದ ಮೇಲೆ ಒಂದು ಮಾತೂ ಆಡದೆ ಇಬ್ಬರೂ ನಡೆದರು. ಅಷ್ಟು ಹೊತ್ತು ಸಾಯ್ಬರು ಮಾತಾಡದೆ ಇದ್ದದ್ದನ್ನು ನಾನು ಬೇರೆಂದೂ ನೋಡಿಲ್ಲ. ಹಿಂದಿನಿಂದ ನಡೆಯುತ್ತಿದ್ದ ನನಗೆ ಒಮ್ಮೆ ಕೂಗಿ ಹೇಳಬೇಕೆನ್ನಿಸಿತು, ನೋಡಿ, ಇವರು ನಮ್ಮ ಪೇಟೆಯವರು ಎಂದು.

ಪಟ್ಟಿ ಬಿಚ್ಚಿದ ದಿನ ಸೇಸಕ್ಕ ಮೊದಲು ನೋಡಿದ್ದು ಸಾಯ್ಬರನ್ನು. ಬಹಳ ಹೊತ್ತು ನೋಡಿದರು. "ಮುಖ ಮರ್ತೇ ಹೋಗಿತ್ತು. ಸ್ವರ ಕೇಳಿ ಎಷ್ಟೋ ಚಂದದ ಜನ ಅಂತ ಮಾಡಿದ್ದೆ" ಎಂದರು. ಏಳನೇ ಕ್ಲಾಸಿನ ಕೋಣೆ ನಗೆಯಿಂದ ತುಂಬಿಹೋಯಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಸಾಯ್ಬರು.

ಆಮೇಲೆ ನಾನು ಬಹಳ ವರ್ಷ ಅವರ ಜೊತೆ ಕುದ್ರುವಿಗೆ ಹೋದೆ. ಮದುವೆಯಾಗಿ ಉಡುಪಿಗೆ ವರ್ಗವಾದ ಮೇಲೆ ಅದು ತಪ್ಪಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಒಂದು ಮಳೆಗಾಲ ಮಗಳ ನೀಲಿ ಕೊಡೆ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ಹೊಲಿದು ಕೊಟ್ಟರು. ಮನೆಗೆ ಬಂದು ನೋಡಿದರೆ ನೀಲಿ ಬಟ್ಟೆಗೆ ಕೆಂಪು ದಾರ. ತಪ್ಪಿ ಹಾಕಿರಬೇಕು ಎಂದು ಸುಮ್ಮನಾದೆ. ಮುಂದಿನ ಸಲ ಹೋದಾಗ ನಾನು ಎದುರು ನಿಂತು ಮಾತಾಡುವವರೆಗೂ ಅವರು ನನ್ನ ಗುರುತು ಹಿಡಿಯಲಿಲ್ಲ. ಬಿಳಿ ಅಂಗಿಯ ಮೇಲೆ ಎಣ್ಣೆಯ ಕಲೆ ಇತ್ತು. ಕಲೆ ಅವರಿಗೆ ಕಂಡಿದ್ದರೆ ಅಂಗಿ ಮೈಮೇಲೆ ಇರುತ್ತಿರಲಿಲ್ಲ.

"ಸಾಯ್ಬರೇ, ಕಣ್ಣು ತೋರಿಸಿದ್ರಾ?" ಎಂದೆ.

"ಕಣ್ಣಿಗೆ ಎಂತದೂ ಆಗ್ಲಿಲ್ಲ. ಈ ಬಲ್ಬು ಸರಿ ಇಲ್ಲ" ಎಂದರು. ಈ ಸಲ ತಪ್ಪು ಬಲ್ಬಿನದು! ಒತ್ತಾಯ ಮಾಡಿದ್ದಕ್ಕೆ, "ಪೊರೆ ಹಣ್ಣಾಗ್ಲಿ, ನೋಡುವ" ಎಂದು ಮಾತು ತಿರುಗಿಸಿದರು. ಎಷ್ಟೋ ಜನರನ್ನು ಆ ಬೆಂಚಿನ ಮೇಲೆ ಮಲಗಿಸಿದವರಿಗೆ ತಾವು ಹೋಗಿ ಮಲಗಲು ಅಭಿಮಾನ ಅಡ್ಡ ಬಂದಿತ್ತು. ಕಾಪುವಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಕಡವಿಗೆ ಹೋಗಿ ದೋಣಿಯವನಿಗೆ ವಿಷಯ ಹೇಳಿ, ಕುದ್ರುವಿಗೆ ಮುಟ್ಟಿಸು ಎಂದು ಉಡುಪಿಯ ಬಸ್ಸು ಹತ್ತಿದೆ.

ಆ ಜನವರಿಯ ಶಿಬಿರದ ದಿನ ರಜೆ ಹಾಕಿ ಕಾಪುವಿಗೆ ಬಂದೆ. ಸಾಯ್ಬರು ಅಂಗಡಿಯಲ್ಲಿಯೇ ಕೂತಿದ್ದರು, ಕೈಯಲ್ಲಿ ಕೆಲಸವಿಲ್ಲ. ಬಸ್ಸಿನವರು, ರಿಕ್ಷಾದವರು ಇದ್ದಕ್ಕಿದ್ದಂತೆ ಒಂದು ಕಡೆಗೆ ತಿರುಗಿ ನೋಡಿದರು. ರಸ್ತೆಯ ಬದಿಯಲ್ಲಿ ಕುದ್ರುವಿನವರು ಸಾಲಾಗಿ ಬರುತ್ತಿದ್ದರು. ಎಲ್ಲರ ಮೂಗಿನ ಮೇಲೆ ದಪ್ಪ ಕನ್ನಡಕ, ಎಲ್ಲರ ಕೈಯಲ್ಲಿ ಮಡಚಿದ ಕೊಡೆ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಮುಂದೆ ಸೇಸಕ್ಕ, ಬೆನ್ನು ಬಾಗಿತ್ತು, ಒಂದೇ ಕಣ್ಣು, ನಡಿಗೆ ಮಾತ್ರ ಮೊದಲಿನ ಹಾಗೆಯೇ.

ಅಂಗಡಿಯ ಎದುರು ನಿಂತು, "ಹೊರಡಿ ಸಾಯ್ಬರೇ" ಎಂದರು.

ಸಾಯ್ಬರು ಸ್ವರದ ಗುರುತು ಹಿಡಿದರು. "ಅಂಗಡಿ ಬಿಟ್ಟು ಹೇಗೆ ಬರುವುದು ಸೇಸಕ್ಕ..."

"ನಾಲ್ಕು ವರ್ಷ ನಾನೂ ಹೀಗೆಯೇ ಹೇಳಿದ್ದೆ. ನೀವು ಬರುವುದು ಬಿಟ್ರಾ?" ಎಂದರು ಸೇಸಕ್ಕ. ಆಮೇಲೆ ಧ್ವನಿ ತಗ್ಗಿಸಿ, "ಹೋದ ವರ್ಷದವರೇ ಬರಬೇಕು ಅಂತ ನಿಮ್ಮ ಕಾನೂನು. ನಾನು ಹಳಬಳು. ಆದೀತಾ?" ಎಂದು ಕೇಳಿದರು.

ಕಾಮತರು ತಕ್ಕಡಿ ಬಿಟ್ಟು ಹೊರಗೆ ಬಂದಿದ್ದರು. ಕೊನೆಗೆ ಸಾಯ್ಬರು ಎದ್ದರು. ಟೊಪ್ಪಿ ನೇರ ಮಾಡಿಕೊಂಡರು. ಗೋಡೆ ತಡವಿ, ಗೂಟದಿಂದ ತಮ್ಮ ಕೊಡೆ ತೆಗೆದು, ಬಾಗಿದ ಹಿಡಿಯನ್ನು ತಾವು ಹಿಡಿದುಕೊಂಡು, ತುದಿಯನ್ನು ಸೇಸಕ್ಕನ ಕಡೆಗೆ ಚಾಚಿದರು.

ಸೇಸಕ್ಕ ಆ ಕೊಡೆಯನ್ನು ಮೆಲ್ಲನೆ ಅವರಿಂದ ಬಿಡಿಸಿಕೊಂಡು ನನ್ನ ಕೈಗೆ ಕೊಟ್ಟರು. ತಮ್ಮ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿದರು. ಆಮೇಲೆ ಬಸ್ ಸ್ಟ್ಯಾಂಡಿನ ಎದುರು, ಅಷ್ಟೂ ಜನ ನೋಡುತ್ತಿರುವಾಗ, ಸಾಯ್ಬರ ಕೈಯನ್ನು ತಮ್ಮ ಕೈಯಿಂದ ಹಿಡಿದುಕೊಂಡರು.

"ಮೆಟ್ಟಿಲು ಉಂಟು, ನೋಡಿ ಇಳೀರಿ" ಎಂದರು.

"ನನ್ನ ಅಂಗಡಿಯ ಮೆಟ್ಟಿಲು ನನಗೇ ಹೇಳ್ತೀರಾ?" ಎಂದರು ಸಾಯ್ಬರು. ತಲೆ ಎತ್ತಿಯೇ ಇತ್ತು. ಇಬ್ಬರೂ ರಸ್ತೆಗಿಳಿದು ಶಾಲೆಯ ಕಡೆಗೆ ನಡೆದರು, ಬಹಳ ನಿಧಾನ. ನಾನು ಅವರ ಕೊಡೆ ಹಿಡಿದುಕೊಂಡು ಹಿಂದಿನಿಂದ ಹೋದೆ.